ಡಬಲ್ ಸ್ಟ್ರಾಲರ್ ಕೊಳ್ಳುವ ಮುಂಚೆ ಟೇಪು ಹಿಡಿದು ಹೊರಡಿ

ಎರಡನೇ ಮಗು ಹುಟ್ಟಿದಾಗ ದೊಡ್ಡವಳಿಗೆ ಎರಡು ವರ್ಷ ತುಂಬಿ ಎರಡು ತಿಂಗಳಾಗಿತ್ತು. ನಡೆಯುತ್ತಾಳೆ, ಓಡುತ್ತಾಳೆ, ಆದರೆ ಹತ್ತು ನಿಮಿಷ ಆಗುತ್ತಿದ್ದ ಹಾಗೆ ನಿಂತಲ್ಲೇ ನಿಂತು "ಅಮ್ಮಾ, ಎತ್ಕೋ" ಅಂತ ಎರಡೂ ಕೈ ಚಾಚುತ್ತಾಳೆ. ಅವಳು 13 ಕೆಜಿ, ಕೂಸು 4 ಕೆಜಿ. ಇಬ್ಬರನ್ನೂ ಹೊತ್ತು ಒಂದು ವಾರ ಓಡಾಡಿದ ಮೇಲೆ ಇಬ್ಬರನ್ನೂ ಕೂರಿಸಿ ತಳ್ಳುವ ಒಂದು ಗಾಡಿ, ಅಂದರೆ ಡಬಲ್ ಸ್ಟ್ರಾಲರ್ ತರೋಣ ಅಂತ ಆಯಿತು.

ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಮಕ್ಕಳು ಪಕ್ಕ ಪಕ್ಕ ಕೂರುವುದು ಒಂದು, ಒಬ್ಬರ ಹಿಂದೆ ಒಬ್ಬರು ಕೂರುವುದು ಇನ್ನೊಂದು. ನನಗೆ ಮೊದಲು ಇಷ್ಟವಾಗಿದ್ದು ಪಕ್ಕ ಪಕ್ಕದ್ದೇ. ಇಬ್ಬರಿಗೂ ಮುಂದೆ ಏನಿದೆ ಅಂತ ಕಾಣುತ್ತದೆ, ನಾನು ಮುಂದೆ, ನಾನು ಮುಂದೆ ಅನ್ನುವ ಜಗಳವಿಲ್ಲ, ಮಡಚಿದರೆ ಚಪ್ಪಟೆಯಾಗುತ್ತದೆ. ಆದರೆ ಅಗಲ ಸುಮಾರು 75 ಸೆಂ.ಮೀ. ಮನೆ ಬಾಗಿಲು ಅಳೆದೆ, ಸಲೀಸಾಗಿ ಹೋಗುವಷ್ಟಿತ್ತು. ಖುಷಿಯಾಗಿ ಇನ್ನೇನು ಇದೇ ತರೋಣ ಅಂದುಕೊಂಡು ಸುಮ್ನೆ ಲಿಫ್ಟಿನ ಬಾಗಿಲಿಗೂ ಟೇಪು ಹಿಡಿದೆ. 70! ಅಲ್ಲಿಗೆ ಆ ಆಸೆ ಮುಗಿಯಿತು. ಅಳೆಯುವಾಗ ಚೌಕಟ್ಟನ್ನಲ್ಲ, ಬಾಗಿಲು ಪೂರ್ತಿ ತೆರೆದಾಗ ಉಳಿಯುವ ಜಾಗವನ್ನು ಅಳೆಯಿರಿ. ದಿನಾ ಓಡಾಡುವ ದಾರಿಯಲ್ಲಿ ಎಲ್ಲಕ್ಕಿಂತ ಕಿರಿದಾದ ಜಾಗ ಯಾವುದೋ ಅದೇ ನಿಮ್ಮ ಗಾಡಿಯನ್ನು ಆರಿಸುತ್ತದೆ.

ಹಿಂದೆ ಮುಂದೆ ಕೂರುವ ಗಾಡಿ ಒಂಟಿ ಗಾಡಿಯಷ್ಟೇ ಅಗಲ, ಆದರೆ ಉದ್ದ ಜಾಸ್ತಿ. ತಿರುಗಿಸಲು ಜಾಗ ಬೇಕು. ದೊಡ್ಡ ಮಗು ಮುಂದೆ ಕೂತಿದ್ದರೆ ಫುಟ್‌ಪಾತ್ ಹತ್ತಿಸಲು ಹಿಡಿಕೆಯ ಮೇಲೆ ಮೈಭಾರವನ್ನೆಲ್ಲ ಹಾಕಬೇಕು. ಪಕ್ಕ ಪಕ್ಕದ್ದರಲ್ಲಿ ಬೇರೆ ತೊಂದರೆ, ಒಂದು ಕಡೆ 13 ಕೆಜಿ, ಇನ್ನೊಂದು ಕಡೆ 4 ಕೆಜಿ ಇದ್ದರೆ ಗಾಡಿ ಭಾರದ ಕಡೆಗೆ ಎಳೆಯುತ್ತದೆ. ಹಾಗಾಗಿ ಅಂಗಡಿಯಲ್ಲಿ ಖಾಲಿ ಗಾಡಿ ತಳ್ಳಿ ನೋಡಿ "ಆಹಾ, ಎಷ್ಟು ಹಗುರ" ಅಂದರೆ ಏನೂ ಗೊತ್ತಾಗುವುದಿಲ್ಲ. ಇಬ್ಬರನ್ನೂ ಕೂರಿಸಿ, ಒಂದೇ ಕೈಯಲ್ಲಿ ತಳ್ಳಿ, ಒಂದು ಸುತ್ತು ತಿರುಗಿಸಿ ನೋಡಿ.

ಕೂಸಿನ ವಿಷಯದಲ್ಲಿ ಮಾತ್ರ ಯಾವ ಹೊಂದಾಣಿಕೆಯೂ ಬೇಡ. ಮೊದಲ ಆರು ತಿಂಗಳು ಕತ್ತು, ಬೆನ್ನು ಗಟ್ಟಿಯಾಗಿರುವುದಿಲ್ಲ, ಮಲಗಿಸಿಯೇ ಒಯ್ಯಬೇಕು. ಮಕ್ಕಳ ಗಾಡಿಗಳ ಸುರಕ್ಷತೆಗೆ ಇರುವ ಯುರೋಪಿನ ಇಎನ್ 1888 ಮಾನದಂಡದ ಪ್ರಕಾರ ಈ ವಯಸ್ಸಿನ ಮಗುವಿಗೆ ಸೀಟಿಗೂ ಬೆನ್ನೊರಗಿಗೂ ನಡುವಿನ ಕೋನ ಕಡಿಮೆ ಅಂದರೂ 150 ಡಿಗ್ರಿ ಇರಬೇಕು, ಅಂದರೆ ಹೆಚ್ಚುಕಡಿಮೆ ಮಲಗಿದ ಹಾಗೆ. ಕೆಲವು ಡಬಲ್ ಗಾಡಿಗಳಲ್ಲಿ ಒಂದೇ ಸೀಟು ಹೀಗೆ ಮಲಗುತ್ತದೆ, ಯಾವುದು ಅಂತ ಕೇಳಿಕೊಳ್ಳಿ. ಒಂದೊಂದು ಸೀಟು ಎಷ್ಟು ತೂಕ ತಡೆಯುತ್ತದೆ ಅಂತಲೂ ನೋಡಿ. 15 ಕೆಜಿಗೇ ನಿಲ್ಲುವ ಸೀಟು ನಮ್ಮ ದೊಡ್ಡವಳಿಗೆ ಎಷ್ಟು ದಿನ ಬಂದೀತು? 22 ಕೆಜಿವರೆಗಿನದೂ ಸಿಗುತ್ತದೆ. ಬಿಸಿಲಿನ ಮುಚ್ಚಳ ದೊಡ್ಡದಿರಲಿ. ಅದು ಚಿಕ್ಕದಿದ್ದರೆ ಮೇಲೆ ಬಟ್ಟೆ ಹೊದಿಸಲು ಮನಸ್ಸಾಗುತ್ತದೆ, ಬಟ್ಟೆ ಹೊದಿಸಿದರೆ ಗಾಳಿಯಾಡದೆ ಒಳಗೆ ಸೆಕೆ ಏರುತ್ತದೆ, ಅದು ಮಗುವಿಗೆ ಅಪಾಯ.

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಮಡಚುವುದು. ಮನೆಯವರು ಜೊತೆಗಿದ್ದಾಗ ಎಲ್ಲ ಗಾಡಿಯೂ ಸುಲಭ. ನಾನೊಬ್ಬಳೇ ಇರುವಾಗ? ಕೂಸನ್ನು ಎಡಗೈಯಲ್ಲಿ ಎದೆಗವಚಿಕೊಂಡು, ದೊಡ್ಡವಳಿಗೆ ನನ್ನ ಕುರ್ತಾ ಹಿಡಿದುಕೊಂಡು ನಿಲ್ಲು ಅಂತ ಹೇಳಿ, ಬಲಗೈಯಲ್ಲಿ ಮಡಚಲು ನೋಡಿದೆ. ಮೊದಲನೆಯದಕ್ಕೆ ಎರಡು ಕೈಯೂ ಬೇಕಾಯಿತು, ಬಿಟ್ಟೆ. ಎರಡನೆಯದು ಮಡಚಿತು, ಆದರೆ ಕಾರಿನ ಡಿಕ್ಕಿಗೆ ಎತ್ತಿಡಲು ಆಗಲಿಲ್ಲ, 16 ಕೆಜಿ ಇತ್ತು. ಮೂರನೆಯದನ್ನು ತಂದೆವು. ಹಿಂದೆ ಮುಂದೆ ಕೂರುವಂಥದ್ದು, 12 ಕೆಜಿ.

ತಂದ ಮೂರನೇ ದಿನ ಒಂದು ಪಾಠ ಆಯಿತು. ಡಯಾಪರ್ ಬ್ಯಾಗನ್ನು ಹಿಡಿಕೆಗೆ ನೇತುಹಾಕಿದ್ದೆ. ಮುಂದೆ ಕೂತಿದ್ದ ದೊಡ್ಡವಳನ್ನು ಇಳಿಸಿದ್ದೇ ತಡ, ಮುಂದಿನ ಚಕ್ರ ಮೇಲೆದ್ದು ಕೂಸಿನ ಸಮೇತ ಗಾಡಿ ಹಿಂದಕ್ಕೆ ವಾಲಿತು. ಇವರು ಪಕ್ಕದಲ್ಲೇ ಇದ್ದು ತಕ್ಷಣ ಹಿಡಿದುಕೊಂಡರು. ನನ್ನ ಕೈಕಾಲು ತುಂಬಾ ಹೊತ್ತು ನಡುಗುತ್ತಿತ್ತು. ಆವತ್ತಿನಿಂದ ಬ್ಯಾಗು ಕೆಳಗಿನ ಬುಟ್ಟಿಯಲ್ಲೇ. ಹಾಗಾಗಿ ಬುಟ್ಟಿ ದೊಡ್ಡದಿದೆಯಾ, ಸೀಟು ಮಲಗಿಸಿದಾಗಲೂ ಅದಕ್ಕೆ ಕೈ ಹೋಗುತ್ತದಾ ಅಂತ ಅಂಗಡಿಯಲ್ಲೇ ನೋಡಿಬಿಡಿ.

ದೊಡ್ಡ ಮಗುವಿಗೆ ಮೂರು ದಾಟಿದ್ದು, ಚೆನ್ನಾಗಿ ನಡೆಯುವುದಾದರೆ ಡಬಲ್ ಗಾಡಿ ಬೇಕಾಗದೆಯೂ ಇರಬಹುದು. ಒಂಟಿ ಗಾಡಿಯ ಹಿಂದೆ ಸಿಕ್ಕಿಸುವ ಚಕ್ರದ ಹಲಗೆ ಸಿಗುತ್ತದೆ, ಸುಸ್ತಾದಾಗ ಮಗು ಅದರ ಮೇಲೆ ನಿಂತುಕೊಂಡು ಬರುತ್ತದೆ. ನಮ್ಮವಳಿಗೆ ಆಗ ಅದು ಆಗುತ್ತಿರಲಿಲ್ಲ, ಹತ್ತು ನಿಮಿಷಕ್ಕೆ ನಿದ್ದೆ ಹೋಗುವವಳು. ಈಗ ಮುಂದಿನ ಸೀಟಿನಲ್ಲಿ ಕೂತು ಆಗಾಗ ಹಿಂದಕ್ಕೆ ತಿರುಗಿ "ಪಾಪು ಮಲಗಿತಾ?" ಅಂತ ಪಿಸುಗುಟ್ಟುತ್ತಾಳೆ. ಹೂಂ ಅನ್ನುವಷ್ಟರಲ್ಲಿ ಅವಳದೂ ಕತ್ತು ವಾಲಿರುತ್ತದೆ.