ಯುದ್ಧಕ್ಕೆ ಹೋಗಿದ್ದರು, ದಾಖಲೆಯಲ್ಲಿ ಇಲ್ಲ

ಅಮೆರಿಕದ ಸೇನೆಯಲ್ಲಿ ಹೆಂಗಸರು ಕಾದಾಟಕ್ಕೆ ಇಳಿದಿದ್ದು 2013ರ ನಂತರ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಕಾಗದದ ಮೇಲೆ ಅದು ಸರಿ. ನೆಲದ ಮೇಲೆ ನೇರವಾಗಿ ಕಾದಾಡುವ ತುಕಡಿಗಳಿಗೆ ಹೆಂಗಸರನ್ನು ನೇಮಿಸಬಾರದು ಅಂತ 1994ರ ನಿಯಮವೊಂದಿತ್ತು. ಆಗಿನ ರಕ್ಷಣಾ ಕಾರ್ಯದರ್ಶಿ ಲಿಯೊನ್ ಪನೆಟ್ಟಾ ಅದನ್ನು ತೆಗೆದದ್ದು 2013ರ ಜನವರಿಯಲ್ಲಿ.

ಆದರೆ ಅಫ್ಘಾನಿಸ್ತಾನದಲ್ಲಿ ಯುದ್ಧ ಅಷ್ಟು ದಿನ ಕಾಯಲಿಲ್ಲ. ರಾತ್ರಿ ಮನೆಗೆ ನುಗ್ಗಿದ ಗಂಡು ಸೈನಿಕರು ಅಲ್ಲಿನ ಹೆಂಗಸರನ್ನು ಮುಟ್ಟಿ ತಪಾಸಣೆ ಮಾಡುವ ಹಾಗಿರಲಿಲ್ಲ, ಮಾತಾಡಿಸುವುದೂ ಕಷ್ಟ. ಅದಕ್ಕೇ ಕಲ್ಚರಲ್ ಸಪೋರ್ಟ್ ಟೀಮ್ ಅಂತ ಹೆಂಗಸರ ತಂಡಗಳನ್ನು ಕಟ್ಟಿದರು. ಇವರು ರೇಂಜರ್‌ಗಳ (ಸೇನೆಯ ವಿಶೇಷ ದಾಳಿ ಪಡೆಯವರ) ಜೊತೆ ಹೆಲಿಕಾಪ್ಟರ್‌ನಿಂದ ಇಳಿದು, ಅದೇ ಕತ್ತಲಲ್ಲಿ ಬೆನ್ನ ಮೇಲೆ ಭಾರ ಹೊತ್ತು ನಡೆದು, ಮನೆಯ ಹೆಂಗಸರು ಮಕ್ಕಳನ್ನು ಒಂದು ಕಡೆ ಸೇರಿಸಿ, ಬಟ್ಟೆಯೊಳಗೆ ಏನಾದರೂ ಅಡಗಿದೆಯಾ ಅಂತ ತಡಕಿ ನೋಡಿ, ವಿಷಯ ಕೇಳಿ ತಿಳಿದುಕೊಳ್ಳುತ್ತಿದ್ದರು. 2011ರ ಅಕ್ಟೋಬರ್‌ನಲ್ಲಿ ಕಂದಹಾರ್ ಪ್ರಾಂತ್ಯದಲ್ಲಿ ಅಂಥದ್ದೇ ಒಂದು ಕಾರ್ಯಾಚರಣೆಯಲ್ಲಿ ಬಾಂಬ್ ಸಿಡಿದು ಲೆಫ್ಟಿನೆಂಟ್ ಆಶ್ಲಿ ವೈಟ್ ಸತ್ತರು. ಇಬ್ಬರು ರೇಂಜರ್‌ಗಳೂ ಸತ್ತರು.

ನಿಯಮ ಇದ್ದರೂ ಇದೆಲ್ಲ ಹೇಗಾಯಿತು? ಸುಲಭ. ತುಕಡಿಗೆ ನೇಮಕ ಮಾಡಲಿಲ್ಲ, ತಾತ್ಕಾಲಿಕವಾಗಿ ಜೊತೆಗೆ ಕಳಿಸಿದರು ಅಷ್ಟೇ. ಹಾಗಾಗಿ ಕಾದಾಟಕ್ಕೆ ಹೋಗಿದ್ದು ಎಷ್ಟೋ ಸಲ ದಾಖಲೆಗೆ ಬರಲೇ ಇಲ್ಲ. ಇರಾಕ್‌ನಲ್ಲೂ ಇದೇ ಉಪಾಯ ನಡೆದಿತ್ತು.

ಈಗ ಅದರ ಏಟು ಬೀಳುತ್ತಿರುವುದು ಚಿಕಿತ್ಸೆ, ಪರಿಹಾರ ಕೇಳಲು ಹೋದಾಗ. ಸ್ಫೋಟದಿಂದ ತಲೆಗೆ ಪೆಟ್ಟು, ಕಿವಿಯಲ್ಲಿ ಗುಂಯ್‌ಗುಡುವ ಸದ್ದು, ಸೊಂಟ ನೋವು. ಕಾದಾಟದಲ್ಲಿ ಇದ್ದವರು ಅಂತ ಖಾತ್ರಿಯಾದರೆ, ಪೆಟ್ಟು ಹೇಗಾಯಿತು ಅನ್ನೋದಕ್ಕೆ ಅವರ ಮಾತನ್ನೇ ಬಹುಮಟ್ಟಿಗೆ ಒಪ್ಪಬೇಕು ಅಂತ ಅಲ್ಲಿನ ಕಾನೂನೇ ಹೇಳುತ್ತದೆ. ಆದರೆ ಸೇವಾ ದಾಖಲೆಯಲ್ಲಿ ಅದು ಕಾಣದಿದ್ದರೆ ಪುರಾವೆ ತನ್ನಿ ಅಂತಾರೆ. ಮಧ್ಯರಾತ್ರಿ ಗುಂಡು ಹಾರುತ್ತಿರುವಾಗ ಡಾಕ್ಟರ್ ಚೀಟಿ ಯಾರು ಬರೆಸಿಕೊಳ್ಳುತ್ತಾರೆ ಹೇಳಿ? ಇದನ್ನು ಸರಿಪಡಿಸಿ ಅಂತ 2023ರಲ್ಲಿ ಅಮೆರಿಕದ ಸಂಸತ್ತಿನಲ್ಲಿ ಜ್ಯಾಕ್ಸ್ ಆಕ್ಟ್ ಅನ್ನೋ ಮಸೂದೆ ಮಂಡಿಸಿದರು. ಕಾದಾಟದಲ್ಲಿ ಇದ್ದೆವು ಅಂತ ಬರೆಸಿಕೊಳ್ಳಲು ಇವರು ಕೇಳುವುದು ಸುಮ್ನೆ ಪದಕದ ಆಸೆಗೆ ಅಂತ ನನಗೇನೂ ಅನಿಸುವುದಿಲ್ಲ.

ಹಿಂದೆಯೂ ಹೀಗೇ ಆಗಿತ್ತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯ ವಿಮಾನ ಹಾರಿಸಿದ ವಾಸ್ಪ್ (WASP) ಅನ್ನೋ ಪೈಲಟ್ ತಂಡದ ಹೆಂಗಸರಲ್ಲಿ 38 ಜನ ಸತ್ತಿದ್ದರು. 1944ರಲ್ಲಿ ತಂಡವನ್ನು ಮುಚ್ಚಿದರು. ಮಾಜಿ ಸೈನಿಕರು ಅಂತ ಒಪ್ಪಿದ್ದು 1977ರಲ್ಲಿ, ಅಷ್ಟೊತ್ತಿಗೆ ಎಷ್ಟೋ ಜನರಿಗೆ ಐವತ್ತು ದಾಟಿತ್ತು. ಅಫ್ಘಾನಿಸ್ತಾನದಿಂದ ಬಂದವರ ತಲೆಪೆಟ್ಟಿಗೆ ಅಷ್ಟು ವರ್ಷ ಕಾಯುವುದಕ್ಕೆ ಆಗುವುದಿಲ್ಲ.