ಗಾರ್ಡೇನಿಯಾ: ಕೊನೆಗೂ ಹಸಿರು ಚಿಗುರು

ಬಂತು! ಘಮಘಮಿಸುವ ಬಿಳಿ ಹೂವಿನ ನನ್ನ ಗಾರ್ಡೇನಿಯಾ ಗಿಡದ ಚಿಗುರೆಲ್ಲ ಹಳದಿಯಾಗಿ ಬರುತ್ತಿತ್ತು, ಈಗ ತುದಿಯ ಎಲೆ ಹಸಿರಾಗಿಯೇ ಹುಟ್ಟಿದೆ. ಸಿಂಪಡಿಸಿ ಬರಿಸಿದ ಹಸಿರಲ್ಲ, ಬೇರಿನಿಂದ ಏರಿದ್ದು.

ಎಲೆ ಹಿಂದೆ ಹಿಟ್ಟು ತಿಗಣೆ ಹುಡುಕಿದ್ದು, ಬೇರು ಬಿಡಿಸಿ ನೋಡಿದ್ದು, ಕುಂಡ ಬದಲಿಸಿದ್ದು ಇದನ್ನೆಲ್ಲ ಬರೆಯುವುದಿಲ್ಲ. ಎಲ್ಲರೂ ಮಾಡುವುದೇ. ತಿಗಣೆ ಇರಲಿಲ್ಲ, ಬೇರು ಬೆಳ್ಳಗಿತ್ತು, ಗಂಟು ಕಟ್ಟಿರಲಿಲ್ಲ. ಹಳೇ ಎಲೆ ಕಡುಹಸಿರು. ಹೊಸ ಎಲೆ ಮಾತ್ರ ಹಳದಿ, ನರಗಳಷ್ಟೇ ಹಸಿರು. ಸಾರಜನಕ, ಮೆಗ್ನೀಸಿಯಂ ಕಡಿಮೆಯಾದರೆ ಹಳೇ ಎಲೆಯಿಂದ ಶುರುವಾಗುತ್ತದೆ. ಚಿಗುರಿನಿಂದ ಶುರುವಾದರೆ ಮೊದಲ ಅನುಮಾನ ಕಬ್ಬಿಣದ ಮೇಲೆ. ಇಲ್ಲಿಯವರೆಗೆ ತಕರಾರಿಲ್ಲ.

ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ಸಂಜೆ ಹೊತ್ತು ಸಿಂಪಡಿಸಿದೆ. ಹನಿ ಕೂತಲ್ಲೆಲ್ಲ ಹಸಿರು ಚುಕ್ಕೆ, ಮಿಕ್ಕಿದ್ದು ಹಾಗೇ ಹಳದಿ. ಕಬ್ಬಿಣ ಗಿಡದೊಳಗೆ ಒಂದು ಎಲೆಯಿಂದ ಇನ್ನೊಂದಕ್ಕೆ ಸುಲಭವಾಗಿ ಹೋಗುವುದಿಲ್ಲ. ಹಾಗಾಗಿ ಮುಂದಿನ ಚಿಗುರು ಮತ್ತೆ ಹಳದಿ. ಅಜ್ಜಿ ನೋಡಿ, "ಇದಕ್ಕೆ ಕಾಮಾಲೆ ಕಣೋ, ಜೋಗಿಮಟ್ಟಿಗೆ ಕರ್ಕೊಂಡ್ ಹೋಗಿ ಒಳ್ಳೆ ಗಾಳಿ ಕುಡಿಸ್ಕೊಂಡ್ ಬಾ" ಅಂದರು. ಜೋಗಿಮಟ್ಟಿ ಅಂದರೆ ನಮ್ಮೂರ ಪಕ್ಕದ ಬೆಟ್ಟ.

ನನಗೆ ಸಿಟ್ಟು ಬಂದಿದ್ದು ಬೇರೆ ಕಾರಣಕ್ಕೆ. ನಮ್ಮ ಚಿತ್ರದುರ್ಗದ ಕೆಮ್ಮಣ್ಣು ಕೆಂಪಗಿರುವುದೇ ಕಬ್ಬಿಣದಿಂದ. ಭೀಮಸಮುದ್ರದ ಕಡೆಯಿಂದ ಅದಿರಿನ ಲಾರಿಗಳು ಓಡಾಡುತ್ತವೆ. ಇಂಥ ಊರಲ್ಲಿ ಕೂತು ನನ್ನ ಗಿಡಕ್ಕೆ ಕಬ್ಬಿಣ ಸಾಲದಂತೆ!

ಹಾಗಾದರೆ ಕಬ್ಬಿಣ ಇದೆ, ಕರಗುತ್ತಿಲ್ಲ. ಕುಂಡದ ಮೇಲ್ಮಣ್ಣಿಗೆ ಸ್ವಲ್ಪ ವಿನೆಗರ್ ಸುರಿದೆ. ಬುಸ್ ಅಂತ ನೊರೆ ಬಂತು, ಅಂದರೆ ಸುಣ್ಣ. ಅದೇ ಲೋಡಿನ ಮಣ್ಣು ಚೀಲದಲ್ಲಿ ಉಳಿದಿತ್ತು. ಅದಕ್ಕೂ ಸುರಿದೆ, ಒಂದು ಗುಳ್ಳೆಯೂ ಏಳಲಿಲ್ಲ. ಕುಂಡ ಪ್ಲಾಸ್ಟಿಕ್ಕಿನದು, ಸಿಮೆಂಟಿನದಲ್ಲ. ಇನ್ನುಳಿದಿದ್ದು ಬೋರ್‌ವೆಲ್ ನೀರು. ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟುತ್ತದಲ್ಲ, ಅದೇ ಸುಣ್ಣ ದಿನಾ ಗಿಡದ ಬುಡಕ್ಕೂ ಹೋಗುತ್ತಿತ್ತು. ಗಾರ್ಡೇನಿಯಾಕ್ಕೆ ಬೇಕಾದ ಪಿಎಚ್ (ಹುಳಿ-ಕ್ಷಾರದ ಅಳತೆ, 7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ) 5ರಿಂದ 6. ಕುಂಡದ ಮಣ್ಣಿನದು 8ರ ಹತ್ತಿರ. ಅಷ್ಟು ಕ್ಷಾರದಲ್ಲಿ ಕಬ್ಬಿಣ ಕರಗುವುದಿಲ್ಲ.

ಈಗ ಅಂಗಡಿ ಪುರಾಣ. ಕಬ್ಬಿಣ ಮಣ್ಣಲ್ಲಿ ಕರಗಿಯೇ ಇರುವಂತೆ ಹಿಡಿದಿಡುವ ರಾಸಾಯನಿಕಗಳಿವೆ, ಇಡಿಟಿಎ, ಇಡಿಡಿಎಚ್‌ಎ ಅಂತ. ಹಾಗೆ ಹಿಡಿದಿಟ್ಟ ಕಬ್ಬಿಣವೇ ಚಿಲೇಟೆಡ್. ಇಂಥ ಮಣ್ಣಿಗೆ ಇಡಿಡಿಎಚ್‌ಎ ಕಬ್ಬಿಣವೇ ಬೇಕು. ಇಡಿಟಿಎ ಪಿಎಚ್ 6.5 ದಾಟಿದರೆ ಕಬ್ಬಿಣವನ್ನು ಕೈಬಿಡುತ್ತದೆ. ದಾವಣಗೆರೆಯ ಒಂದು ಗೊಬ್ಬರದಂಗಡಿಯಲ್ಲಿ ಕೇಳಿದೆ. "ಎಲ್ಲಾ ಒಂದೇ ಸಾರ್, ಚಿಲೇಟೆಡ್ ಅಲ್ವಾ" ಅಂತ ಹಳದಿ ಪುಡಿ ಕೈಗಿಟ್ಟರು. ಪ್ಯಾಕೆಟ್ ಮೇಲೆ ಕಬ್ಬಿಣ 12 ಪರ್ಸೆಂಟ್ ಅಂತಿತ್ತು. ಅದು ಇಡಿಟಿಎ. ಇಡಿಡಿಎಚ್‌ಎ ಸಾಮಾನ್ಯವಾಗಿ 6 ಪರ್ಸೆಂಟ್ ಇರುತ್ತದೆ, ಪುಡಿ ಕಪ್ಪು ಕಂದು, ನೀರಿಗೆ ಹಾಕಿದರೆ ಬೀಟ್‌ರೂಟ್ ಬೇಯಿಸಿದ ನೀರಿನ ಬಣ್ಣ. ವಾಪಸ್ ಕೊಟ್ಟಾಗ, ಜಾಸ್ತಿ ಪರ್ಸೆಂಟ್ ಬಿಟ್ಟು ಕಡಿಮೆಯದು ಕೇಳ್ತಾನಲ್ಲ ಅನ್ನುವ ಹಾಗೆ ನೋಡಿದರು. ಕೊನೆಗೆ ಆನ್‌ಲೈನ್‌ನಲ್ಲಿ ತರಿಸಿದೆ. ರೇಟು ಮಾತ್ರ ಕೇಳಬೇಡಿ. ಕುಂಡಕ್ಕೆ 2 ಗ್ರಾಂ ನೀರಲ್ಲಿ ಕರಗಿಸಿ ಬುಡಕ್ಕೆ ಹಾಕಿದೆ. ಇದು ಮಣ್ಣಿಗೆ ಹಾಕುವ ಮದ್ದು, ಎಲೆಗಲ್ಲ.

ನೀರು ಸರಿಹೋಗದೆ ಇದು ನಿಲ್ಲುವುದಿಲ್ಲ. ಬಕೆಟ್ಟಿಗೆ ಸಿಟ್ರಿಕ್ ಆಮ್ಲ ಹಾಕಿ ಪಿಎಚ್ ಪೇಪರ್ ಅದ್ದಿದರೆ ತಕ್ಷಣ 5.5 ತೋರಿಸುತ್ತದೆ. ಖುಷಿಪಡಬೇಡಿ, ಬೆಳಿಗ್ಗೆ ಮತ್ತೆ ನೋಡಿ. ಆಮ್ಲ ಸುಣ್ಣಕ್ಕೆ ತಾಗಿ ನೀರಲ್ಲಿ ಹುಟ್ಟಿದ ಇಂಗಾಲದ ಡೈಆಕ್ಸೈಡ್ ಗ್ಯಾಸ್ ಹೊರಟುಹೋಗಿ ಪಿಎಚ್ ಮೇಲೇರಿರುತ್ತದೆ. ಅದೂ ಅಲ್ಲದೆ ಮಣ್ಣಿನ ಸೂಕ್ಷ್ಮಜೀವಿಗಳು ಸಿಟ್ರಿಕ್ಕನ್ನು ತಿಂದು ಮುಗಿಸಿದರೆ ಕ್ಷಾರ ವಾಪಸ್. ಸುಣ್ಣವಿಲ್ಲದ ಮಳೆನೀರೇ ಗಟ್ಟಿ ಪರಿಹಾರ. ಮಾಳಿಗೆಯ ಪೈಪಿಗೆ ಡ್ರಮ್ ಇಟ್ಟು, ಸೊಳ್ಳೆ ಬಾರದಂತೆ ಬಾಯಿಗೆ ಬಲೆ ಕಟ್ಟಿದ್ದೇನೆ. ನಮ್ಮೂರ ಮಳೆ ಗೊತ್ತಲ್ಲ, ಡ್ರಮ್ ತುಂಬಿದಷ್ಟು ದಿನ ಜಾತ್ರೆ. ತುಂಬಿದ ಮೇಲೂ ಪೈಪೋಟಿ ಇದೆ. ಆ ನೀರಲ್ಲಿ ಬೇಳೆ ಬೇಗ ಬೇಯುತ್ತದೆ ಅಂತ ಅಡುಗೆಮನೆಯವರು ಆಗಲೇ ಒಂದು ಬಿಂದಿಗೆ ಹೊತ್ತೊಯ್ದರು.

ಇಷ್ಟರಲ್ಲಿ ತಲೆಗೆ ಇನ್ನೊಂದು ಹುಳ ಹೊಕ್ಕಿದೆ. ಅಮೆರಿಕದ ಫ್ಲೋರಿಡಾದಲ್ಲಿ ಗಾರ್ಡೇನಿಯಾವನ್ನು ಥನ್‌ಬರ್ಜಿಯಾ ಅನ್ನುವ ಆಫ್ರಿಕಾದ ಗಾರ್ಡೇನಿಯಾ ಬೇರಿನ ಮೇಲೆ ಕಸಿ ಕಟ್ಟುತ್ತಾರೆ. ಬೇರುಗಂಟಿನ ಜಂತುಹುಳಕ್ಕೆ ಅದು ಜಗ್ಗುವುದಿಲ್ಲ. ನಮ್ಮ ಒಣ ಕಾಡಿನ ಬಿಕ್ಕೆಯೂ ಇದೇ ಕುಲದ್ದು. ಅದರ ಬೇರಿನ ಮೇಲೆ ಯಾಕೆ ಕಟ್ಟಬಾರದು? ಹಿಡಿಯುತ್ತದೋ ಇಲ್ಲವೋ ನೋಡೇಬಿಡೋಣ. ಜೋಗಿಮಟ್ಟಿ ಅಭಯಾರಣ್ಯದಿಂದ ಕೀಳುವ ಹಾಗಿಲ್ಲ. ಯಾರ ಹೊಲದ ಬದುವಿನಲ್ಲಾದರೂ ಬಿಕ್ಕೆ ಹಣ್ಣು ಬಿಟ್ಟಿದ್ದರೆ ಹೇಳಿ, ಬೀಜಕ್ಕೆ ನಾನೇ ಬರುತ್ತೇನೆ.