ಬೀಗ ಹಾಕಿದ ಕ್ಯುಬಿಟ್ ಮೇಲೆ ಲೆಕ್ಕ: ತೊಡಕೆಲ್ಲ ಟಿ ಗೇಟಿನಲ್ಲಿ

ಮಾಹಿತಿ ನಮ್ಮದು, ಕ್ವಾಂಟಮ್ ಕಂಪ್ಯೂಟರ್ ಬೇರೆಯವರದು. ಮಾಹಿತಿ ಅವರಿಗೆ ಕಾಣದಂತೆ ಲೆಕ್ಕ ಮಾಡಿಸಲು ಪ್ರತಿ ಕ್ವಾಂಟಮ್ ಬಿಟ್‌ಗೂ, ಅಂದರೆ ಕ್ಯುಬಿಟ್‌ಗೂ ಎರಡು ಗುಟ್ಟಿನ ಯಾದೃಚ್ಛಿಕ ಬಿಟ್ ಬೇಕು: ‘ಎ’ ಮತ್ತು ‘ಬಿ’. ‘ಎ’ 1 ಆದರೆ ಎಕ್ಸ್ ಗೇಟ್ (0, 1 ಅದಲುಬದಲು ಮಾಡುವ ಕ್ರಿಯೆ), ‘ಬಿ’ 1 ಆದರೆ ಝಡ್ ಗೇಟ್ (1ರ ಚಿಹ್ನೆ ತಿರುಗಿಸುವ ಕ್ರಿಯೆ) ಹಾಕಿ ಕಳಿಸುತ್ತೇವೆ. ಈ ಬಿಟ್‌ಗಳೇ ಕೀಲಿ; ಅದು ಇಲ್ಲದವರಿಗೆ ಅದು ಬರೀ ಗದ್ದಲ.

ಕ್ಲಿಫರ್ಡ್ ಗೇಟುಗಳು, ಅಂದರೆ ಹಾಕಿದ ಮೇಲೂ ಎಕ್ಸ್-ಝಡ್ ಬೀಗವನ್ನು ಅದೇ ಬಗೆಯ ಬೀಗವಾಗಿಯೇ ಉಳಿಸುವಂಥವು, ಸಲೀಸು. ಸರ್ವರ್ (ಅವರ ಕಂಪ್ಯೂಟರ್) ಹಡಮಾರ್ಡ್ ಎಂಬ ಗೇಟ್ ಹಾಕಿದರೆ ನಮ್ಮ ‘ಎ’, ‘ಬಿ’ ಅದಲುಬದಲು. ಸಿನಾಟ್ (‘ಕಂಟ್ರೋಲ್’ ಕ್ಯುಬಿಟ್ 1 ಇದ್ದರೆ ‘ಟಾರ್ಗೆಟ್’ ಕ್ಯುಬಿಟ್ಟನ್ನು ತಿರುಗಿಸುವ ಗೇಟ್) ಹಾಕಿದರೆ ಕಂಟ್ರೋಲ್‌ನ ‘ಎ’ ಟಾರ್ಗೆಟ್‌ನ ‘ಎ’ ಜೊತೆ, ಟಾರ್ಗೆಟ್‌ನ ‘ಬಿ’ ಕಂಟ್ರೋಲ್‌ನ ‘ಬಿ’ ಜೊತೆ ಎಕ್ಸಾರ್ ಆಗುತ್ತದೆ (ಎರಡು ಬಿಟ್ ಬೇರೆಯಾದರೆ 1, ಒಂದೇ ಆದರೆ 0). ಇದನ್ನು ಸಾಮಾನ್ಯ ಲ್ಯಾಪ್‌ಟಾಪಿನಲ್ಲೇ ಬರೆದಿಟ್ಟುಕೊಂಡರಾಯಿತು.

ಕೈಕೊಡುವುದು ಕ್ಲಿಫರ್ಡ್ ಗುಂಪಿಗೆ ಸೇರದ ಟಿ ಗೇಟ್. ‘ಎ’ 1 ಇದ್ದರೆ ಬೇಡದ ಎಸ್ ಗೇಟೊಂದು (ಎರಡು ಟಿ ಸೇರಿದಷ್ಟು) ಅಂಟಿಕೊಳ್ಳುತ್ತದೆ. ಕೀಲಿ ಬದಲಿಸಿ ಅದನ್ನು ಅಳಿಸಲಾಗದು. ‘ಎಸ್ ತೆಗೆಯಿರಿ’ ಎಂದರೆ ‘ಎ’ ಏನೆಂದು ಹೇಳಿಬಿಟ್ಟಂತೆ. 2014ರಲ್ಲಿ ಪ್ರಯೋಗದ ಸಮೇತ ಪ್ರಕಟವಾದ ಉಪಾಯ ಬಹಳ ಚೆಂದದ್ದು: ‘ವೈ’ ಎಂಬ ಗುಟ್ಟಿನ ಬಿಟ್ ಅಡಗಿಸಿದ ಸಹಾಯಕ ಕ್ಯುಬಿಟ್ ಒಂದನ್ನು ಕಳಿಸುತ್ತೇವೆ. ಸರ್ವರ್ ಸಿನಾಟ್ ಹಾಕಿ, ಒಂದನ್ನು ಅಳೆದು ಫಲಿತಾಂಶ ತಿಳಿಸುತ್ತದೆ. ನಾವು ಕೊಡುವುದು ‘ಎ’ ಎಕ್ಸಾರ್ ‘ವೈ’ ಮಾತ್ರ. ಅದು 1 ಆದರೆ ಸರ್ವರ್ ಎಸ್ ಹಾಕುತ್ತದೆ. ಅಳತೆಯ ಬಿಟ್ಟನ್ನು ಕೀಲಿಗೆ ಸೇರಿಸುವುದು ಮರೆತರೆ ಮುಂದಿನದೆಲ್ಲ ಹಾಳು.

ಒಂದೇ ‘ವೈ’ಯನ್ನು ಎರಡು ಕಡೆ ಬಳಸಲೇಬೇಡಿ: ಎರಡು ‘ಎ’ಗಳ ಎಕ್ಸಾರ್ ಸೋರಿಹೋಗುತ್ತದೆ. ಹಾಗಾಗಿ ಟಾಫೊಲಿ ಎಂಬ ಮೂರು ಕ್ಯುಬಿಟ್ ಗೇಟನ್ನು ರೂಢಿಯಂತೆ 7 ಟಿ ಗೇಟುಗಳಾಗಿ ಬಿಡಿಸಿದರೆ 7 ಹೊಸ ಸಹಾಯಕ ಕ್ಯುಬಿಟ್ ಬೇಕು. ಮೊದಲು ಟಿ ಸಂಖ್ಯೆ ಇಳಿಸಿ, ಉಳಿದದ್ದು ಆಮೇಲೆ. ಇನ್ನೊಂದು ಮಾತು: ಇಲ್ಲಿ ಅಡಗುವುದು ಮಾಹಿತಿ ಮಾತ್ರ. ಸರ್ಕ್ಯೂಟ್ ಸರ್ವರಿಗೆ ಪೂರ್ತಿ ಕಾಣುತ್ತದೆ. ಅದು ಪ್ರಾಮಾಣಿಕವಾಗಿ ಲೆಕ್ಕ ಮಾಡಿತೇ ಎಂಬುದಕ್ಕೆ ಬೇರೆಯೇ ಪರೀಕ್ಷೆ ಬೇಕು.